ಹಳೆ ಜೀಪಿನ ಹಿಂದಿನ ಶಾಕ್: ತುಕ್ಕು, ಸದ್ದು, ಬಿಚ್ಚಲು ಬಾರದ ನಟ್ಟು

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡಲ ಬದಿಯಲ್ಲಿ ಓಡುವ ಜೀಪಿಗೆ ತುಕ್ಕು ಹಿಡಿಯುವ ರೀತಿ ಒಂದು, ಬದಿಯಡ್ಕ, ಪೆರ್ಲ, ಮುಳ್ಳೇರಿಯದ ತೋಟದ ದಾರಿಯಲ್ಲಿ ಓಡುವ ಜೀಪಿಗೆ ಹಿಡಿಯುವ ರೀತಿ ಇನ್ನೊಂದು. ಉಪ್ಪುಗಾಳಿ ಗಾಡಿಯ ಅಡಿಭಾಗವನ್ನು ಒಟ್ಟಾರೆ ತಿನ್ನುತ್ತದೆ. ಮುರಕಲ್ಲಿನ ಕೆಂಪು ಕೆಸರು ಜಾಗ ಆರಿಸಿ ತಿನ್ನುತ್ತದೆ: ಶಾಕಿನ (ಶಾಕ್ ಅಬ್ಸಾರ್ಬರಿನ) ಕೆಳಗಿನ ಕಣ್ಣು (ಪಿನ್ನಿಗೆ ಸಿಕ್ಕಿಸುವ ಉಂಗುರ), ಸ್ಪ್ರಿಂಗನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟ್ ಪ್ಲೇಟಿನ ಮೂಲೆ, ಶಾಕಿನ ರಾಡನ್ನು ಮುಚ್ಚುವ ಡಸ್ಟ್ ಕವರಿನ ಒಳಬದಿ, ಚಾಸಿಯ ಪೆಟ್ಟಿಗೆಯ ತಳ. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಊರಿನಲ್ಲಿ ಈ ಮೂಲೆಗಳು ಜೂನಿನಲ್ಲಿ ಒದ್ದೆಯಾದರೆ ಅಕ್ಟೋಬರ್ ತನಕ ಒಣಗುವುದಿಲ್ಲ.

ಇಲ್ಲಿರುವುದು ಹಿಂದೆ ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು) ಇರುವ ಹಳೆ ಗಾಡಿಗಳ ವಿಷಯ. ಮಹೀಂದ್ರದ ಹಳೆ ಜೀಪು, ಮೇಜರ್, ಕಮಾಂಡರ್, ಮಾರುತಿ ಜಿಪ್ಸಿ ಎಲ್ಲ ಈ ಗುಂಪಿಗೆ ಸೇರುತ್ತವೆ. ಕಾಯಿಲ್ ಸ್ಪ್ರಿಂಗಿನ ಗಾಡಿಗೆ ಇದನ್ನು ಹಾಗೆಯೇ ಅನ್ವಯಿಸಬೇಡಿ. ಕೆಲವು ಗಾಡಿಗಳಲ್ಲಿ ಆಕ್ಸಲ್ ತೀರ ಕೆಳಗೆ ಇಳಿಯದಂತೆ ತಡೆಯುವುದು ಶಾಕೇ ಆಗಿರುತ್ತದೆ. ಬಿಚ್ಚಿದರೆ ಸ್ಪ್ರಿಂಗ್ ಹೊರಗೆ ಬಂದೀತು.

ಒಂದು ಮಾತು ಮೊದಲೇ. ಶಾಕಿನ ಮೈ ಕೆಂಪಗಾಗಿದೆ ಎಂದು ನೇರ ಅಂಗಡಿಗೆ ಹೋಗಿ ಹೊಸ ಜೋಡಿ ತರಬೇಡಿ. ಮೈಮೇಲಿನ ತುಕ್ಕಿನಿಂದ ಶಾಕ್ ಕೆಲಸ ನಿಲ್ಲಿಸುವುದಿಲ್ಲ. ಒಳಗಿನ ರಾಡ್, ಕಣ್ಣಿನೊಳಗಿನ ರಬ್ಬರ್ ಬುಷ್, ಅದು ಕೂರುವ ಪಿನ್ನು, ಪಿನ್ನು ಹಿಡಿದಿರುವ ಬ್ರಾಕೆಟ್ ಇವುಗಳ ಸ್ಥಿತಿ ನೋಡಿಯೇ ಕೆಲಸ ಎಷ್ಟು ಎಂದು ಹೇಳಲು ಸಾಧ್ಯ. ಪಿನ್ನು ಸವೆದ ಗಾಡಿಗೆ ಹೊಸ ಶಾಕ್ ಹಾಕಿದರೆ ಒಂದು ಮಳೆಗಾಲದೊಳಗೆ ಹೊಸ ಬುಷ್ಷೂ ಹೋಗುತ್ತದೆ, ಹಳೆ ಸದ್ದೂ ಉಳಿಯುತ್ತದೆ.

ದೋಷ ಎಲ್ಲಿದೆ?

ಗಾಡಿಯ ಹಿಂಭಾಗವನ್ನು ಒತ್ತಿ ಬಿಟ್ಟು, ಎಷ್ಟು ಸಲ ಕುಣಿಯುತ್ತದೆ ಎಂದು ಎಣಿಸುವುದು ಎಲ್ಲರೂ ಮಾಡುವ ಪರೀಕ್ಷೆ. ಕಾರಿಗೆ ಅದು ಸರಿ. ಹಳೆ ಜೀಪಿನಲ್ಲಿ ಅದು ನಿಮ್ಮನ್ನು ದಾರಿ ತಪ್ಪಿಸುತ್ತದೆ. ಲೀಫುಗಳು ಒಂದರ ಮೇಲೊಂದು ಉಜ್ಜಿಕೊಂಡೇ ಕುಣಿತವನ್ನು ಸಾಕಷ್ಟು ತಡೆಯುತ್ತವೆ. ನಡುವೆ ತುಕ್ಕು ತುಂಬಿದ್ದರಂತೂ ಸ್ಪ್ರಿಂಗ್ ಅಲುಗುವುದೇ ಕಷ್ಟ. ಆಗ ಎಣ್ಣೆ ಪೂರ್ತಿ ಸೋರಿಹೋದ ಶಾಕ್ ಇದ್ದರೂ ಗಾಡಿ ಒಂದೇ ಕುಣಿತಕ್ಕೆ ನಿಲ್ಲುತ್ತದೆ. ನಿಂತಲ್ಲಿ ಒತ್ತಿ ನೋಡಿ ಶಾಕ್ ಚೆನ್ನಾಗಿದೆ ಎಂದು ತೀರ್ಮಾನಿಸಬೇಡಿ.

ಅದಕ್ಕಿಂತ ನಂಬಬಹುದಾದದ್ದು ಬಿಸಿಯ ಪರೀಕ್ಷೆ. ಶಾಕಿನ ಕೆಲಸವೇ ಕುಣಿತದ ಶಕ್ತಿಯನ್ನು ಎಣ್ಣೆಯ ಮೂಲಕ ಶಾಖವಾಗಿ ಬದಲಿಸುವುದು. ಹೊಂಡಗುಂಡಿಯ ರಸ್ತೆಯಲ್ಲಿ 8-10 ಕಿಲೋಮೀಟರ್ ಓಡಿಸಿ ನಿಲ್ಲಿಸಿದ ಕೂಡಲೇ ಎರಡೂ ಹಿಂದಿನ ಶಾಕುಗಳ ಕೆಳಗಿನ ಕೊಳವೆಯನ್ನು ಕೈಯಿಂದ ಮುಟ್ಟಿ ನೋಡಿ. ಸೈಲೆನ್ಸರ್ ಹತ್ತಿರವೇ ಹಾದುಹೋಗುತ್ತದೆ, ಅದಕ್ಕೆ ಕೈ ತಾಗದಿರಲಿ. ಆ ಬದಿಯ ಶಾಕಿಗೆ ಅದರ ಬಿಸಿ ಸ್ವಲ್ಪ ಸೇರಿರುತ್ತದೆ ಎನ್ನುವುದೂ ಲೆಕ್ಕದಲ್ಲಿರಲಿ. ಎರಡೂ ಬೆಚ್ಚಗಿದ್ದರೆ ಕೆಲಸ ಮಾಡುತ್ತಿವೆ. ಒಂದು ಬೆಚ್ಚಗೆ, ಇನ್ನೊಂದು ತಣ್ಣಗಿದ್ದರೆ ತಣ್ಣಗಿರುವುದು ಸತ್ತಿದೆ. ಎರಡೂ ತಣ್ಣಗಿದ್ದರೆ ಎರಡೂ ಸತ್ತಿರಬಹುದು, ಇಲ್ಲವೇ ಸ್ಪ್ರಿಂಗೇ ಅಲುಗದಷ್ಟು ಬಿಗಿದಿರಬಹುದು. ಶ್ಯಾಕಲಿನ (ಸ್ಪ್ರಿಂಗಿನ ಒಂದು ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಪಿನ್ನು ತುಕ್ಕು ಹಿಡಿದು ಕಚ್ಚಿಕೊಂಡಾಗ ಹೀಗಾಗುತ್ತದೆ.

ಎಣ್ಣೆಯ ಗುರುತು ನೋಡುವಾಗ ಪಸೆ ಯಾವುದು, ಸೋರಿಕೆ ಯಾವುದು ಎಂದು ಬಿಡಿಸಿ ನೋಡಬೇಕು. ಮೇಲ್ಭಾಗದಲ್ಲಿ ತೆಳ್ಳಗೆ ಧೂಳು ಅಂಟಿಕೊಂಡ ಪಸೆ ಸಹಜ. ರಾಡ್ ಪ್ರತಿಸಲವೂ ಚೂರು ಎಣ್ಣೆ ಹೊರಗೆ ತರುತ್ತದೆ. ಕೆಳಗಿನ ಕಣ್ಣಿನವರೆಗೆ ಹರಿದಿದ್ದರೆ, ಒರೆಸಿದ ಎರಡು ದಿನದಲ್ಲಿ ಮತ್ತೆ ಒದ್ದೆಯಾದರೆ ಸೀಲು ಹೋಗಿದೆ. ಆದರೆ ಅಲ್ಲಿ ಕಾಣುವ ಒದ್ದೆಯೆಲ್ಲ ಶಾಕಿನದೇ ಎಂದು ತಿಳಿಯಬೇಡಿ. ಗೇರ್ ಎಣ್ಣೆ ದಪ್ಪ, ಅದಕ್ಕೆ ಗಂಧಕದ ಘಾಟು ವಾಸನೆ; ಅದು ಹೌಸಿಂಗಿನಿಂದ (ಹಿಂದಿನ ಆಕ್ಸಲಿನ ಹೊರಕವಚದಿಂದ) ಬಂದದ್ದು. ಚಕ್ರದ ಒಳಬದಿ ಒದ್ದೆಯಾಗಿ, ಆ ದ್ರವ ನೀರಿನಲ್ಲಿ ತೊಳೆದುಹೋಗುವಂತಿದ್ದು, ತಾಗಿದಲ್ಲಿ ಬಣ್ಣ ಏಳುತ್ತಿದ್ದರೆ ಅದು ಬ್ರೇಕ್ ಎಣ್ಣೆ. ಶಾಕಿನ ವಿಷಯ ಅಲ್ಲಿಗೇ ಬಿಟ್ಟು ಮೊದಲು ವೀಲ್ ಸಿಲಿಂಡರ್ ನೋಡಿಸಿ. ಆ ಗಾಡಿಯನ್ನು ಓಡಿಸಲೇಬಾರದು.

ಸೀಲು ಹೋಗುವುದಕ್ಕೆ ನಮ್ಮ ಕಡೆ ಸಾಮಾನ್ಯ ಕಾರಣ ರಾಡಿನ ತುಕ್ಕು. ಡಸ್ಟ್ ಕವರ್ ತೂತಾಗಿ ಕೆಸರು ಒಳಗೆ ಸೇರುತ್ತದೆ. ಮಳೆಗಾಲವಿಡೀ ಗಾಡಿ ಕೊಟ್ಟಿಗೆಯಲ್ಲಿ ನಿಂತರೆ ರಾಡಿನ ಅದೇ ಭಾಗ ಒದ್ದೆ ಕೆಸರಿಗೆ ಅಂಟಿಕೊಂಡಿರುತ್ತದೆ, ಕ್ರೋಮಿನಲ್ಲಿ ಸಣ್ಣ ಗುಳಿಗಳು ಏಳುತ್ತವೆ. ಮುಂದೆ ಓಡಿಸಿದಾಗ ಆ ಗುಳಿಗಳು ಅರದಂತೆ ಸೀಲಿನ ತುಟಿಯನ್ನು ಕೆರೆಯುತ್ತವೆ. ಡಸ್ಟ್ ಕವರಿನ ಕೆಳಗಿಂದ ಟಾರ್ಚ್ ಬಿಟ್ಟು ನೋಡಿ. ಹೊಳೆಯುವ ರಾಡಿನಲ್ಲಿ ಕಂದು ಚುಕ್ಕೆ ಕಂಡರೆ, ಇನ್ನೂ ಸೋರದಿದ್ದರೂ ಆ ಶಾಕಿನ ಆಯುಸ್ಸು ಮುಗಿದಿದೆ. ಮರಳು ಕಾಗದದಿಂದ ಉಜ್ಜಿ ಉಳಿಸಿಕೊಳ್ಳಲು ಆಗುವುದಿಲ್ಲ.

ಇನ್ನು ಸದ್ದು. ಸಣ್ಣ ಕಲ್ಲಿಗೂ ಹಿಂದಿನಿಂದ ಟಕ್ ಟಕ್ ಎಂದರೆ ಬಹುಪಾಲು ಬುಷ್ ಅಥವಾ ಪಿನ್ನು. ಒಬ್ಬರು ಗಾಡಿಯನ್ನು ಅಡ್ಡಕ್ಕೆ ಅಲುಗಿಸಲಿ, ಇನ್ನೊಬ್ಬರು ಶಾಕಿನ ಕಣ್ಣಿನ ಮೇಲೆ ಬೆರಳಿಡಲಿ. ಸದ್ದು ಕಿವಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಮೇಲಿನ ಕಣ್ಣು, ಕೆಳಗಿನ ಕಣ್ಣು, ಶ್ಯಾಕಲ್, ಸ್ಪ್ರಿಂಗಿನ ಮುಂದಿನ ಕಣ್ಣು, ಹೀಗೆ ಒಂದೊಂದಾಗಿ ಮುಟ್ಟಿ ನೋಡಿ. ದೊಡ್ಡ ಹೊಂಡಕ್ಕೆ ಮಾತ್ರ ಧಡ್ ಎಂದು ಕೇಳಿದರೆ ಹೌಸಿಂಗ್ ಬಂಪ್ ಸ್ಟಾಪಿಗೆ (ಆಕ್ಸಲ್ ಮೇಲೆ ಬಂದಾಗ ತಡೆಯುವ ರಬ್ಬರಿಗೆ) ಬಡಿಯುತ್ತಿರಬಹುದು. ಬಂಪ್ ರಬ್ಬರಿಗೆ ಚೂರು ಗ್ರೀಸ್ ಸವರಿ, ನಿತ್ಯದ ದಾರಿಯಲ್ಲಿ ಓಡಿಸಿ ಬನ್ನಿ; ಗ್ರೀಸ್ ಎದುರಿನ ಕಬ್ಬಿಣಕ್ಕೆ ಅಂಟಿದ್ದರೆ ಅನುಮಾನವಿಲ್ಲ. ರಬ್ಬರನ್ನು ಆಮೇಲೆ ಒರೆಸಿಬಿಡಿ. ಬ್ರೇಕ್ ಒತ್ತಿದಾಗ, ಗೇರ್ ಹಾಕಿ ಕ್ಲಚ್ ಬಿಟ್ಟಾಗ ಒಂದೇ ಪೆಟ್ಟಿನ ಸದ್ದು ಬಂದರೆ ಶಾಕ್ ಬಿಟ್ಟು ಯು ಬೋಲ್ಟ್, ಲೀಫುಗಳನ್ನು ನಡುವೆ ಹಿಡಿದಿಡುವ ಸೆಂಟರ್ ಬೋಲ್ಟ್, ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ನೋಡಿ. ಸೆಂಟರ್ ಬೋಲ್ಟ್ ತುಂಡಾದ ಗಾಡಿಯಲ್ಲಿ ಹೌಸಿಂಗ್ ಹಿಂದಕ್ಕೋ ಮುಂದಕ್ಕೋ ಜಾರಿರುತ್ತದೆ. ಎರಡೂ ಬದಿಯಲ್ಲಿ ಸ್ಪ್ರಿಂಗಿನ ಮುಂದಿನ ಪಿನ್ನಿನಿಂದ ಹೌಸಿಂಗಿಗೆ ಟೇಪ್ ಹಿಡಿದರೆ ಅಳತೆ ವ್ಯತ್ಯಾಸ ಬರುತ್ತದೆ.

ಟಯರಿನ ಮೇಲೂ ಗುರುತು ಇರುತ್ತದೆ. ಕೈಯಾಡಿಸಿದಾಗ ಸುತ್ತಲೂ ತಗ್ಗು ಉಬ್ಬು, ತಗ್ಗು ಉಬ್ಬು ಎಂದು ಸಿಕ್ಕಿದರೆ ಚಕ್ರ ನೆಲ ಬಿಟ್ಟು ಬಿಟ್ಟು ಬಡಿಯುತ್ತಿದೆ ಎಂದರ್ಥ. ತಿರುವಿನ ಏರಿನಲ್ಲಿ ಜಲ್ಲಿ ಇದ್ದಲ್ಲಿ ಗಾಡಿಯ ಬಾಲ ಅಡ್ಡಕ್ಕೆ ಹಾರುವುದೂ ಇದೇ ಕಾರಣಕ್ಕೆ.

ಬ್ರಾಕೆಟ್ ಮತ್ತು ಚಾಸಿ

ಹೊಸ ಶಾಕ್ ಕೊಳ್ಳುವ ಮುಂಚೆ ಇದನ್ನು ನೋಡಿ. ಮೇಲಿನ ಪಿನ್ನು ಚಾಸಿಗೆ ಸೇರುವಲ್ಲಿ ಕೆಸರು ಕೆರೆದು, ತಂತಿ ಬ್ರಶ್ಶಿನಿಂದ ಉಜ್ಜಿ, ಸಣ್ಣ ಸುತ್ತಿಗೆಯಿಂದ ತಟ್ಟಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ. ತುಕ್ಕು ತಿಂದದ್ದು ಒಡಕು ಮಡಕೆಯ ಹಾಗೆ ಸದ್ದು ಮಾಡುತ್ತದೆ. ಸಂಶಯ ಇದ್ದಲ್ಲಿ ಹಳೆ ಸ್ಕ್ರೂಡ್ರೈವರಿನ ಮೊನೆಯಿಂದ ಚುಚ್ಚಿ. ಪೆಟ್ಟಿಗೆ ಆಕಾರದ ಚಾಸಿ ಒಳಗಿನಿಂದ ಕೊಳೆಯುತ್ತದೆ, ಹೊರಗಿನ ಬಣ್ಣ ಚೆನ್ನಾಗಿಯೇ ಇರುತ್ತದೆ. ತಳದ ನೀರು ಹೋಗುವ ತೂತುಗಳು ಕೆಂಪು ಮಣ್ಣಿನಿಂದ ಮುಚ್ಚಿಹೋಗಿದ್ದರೆ ತಂತಿ ಹಾಕಿ ಬಿಡಿಸಿ. ಹೊರಗೆ ಬರುವ ಮಣ್ಣಿನ ಜೊತೆ ತುಕ್ಕಿನ ಹಕ್ಕಳೆ ಎಷ್ಟು ಬರುತ್ತದೆ ಎನ್ನುವುದೇ ಒಳಗಿನ ಸುದ್ದಿ.

ಚಾಸಿಗೆ ತೇಪೆ ಹಾಕಬೇಕಾದರೆ 3-4 ಮಿಮೀ ದಪ್ಪದ ತಗಡು, ಮೂಲೆಗಳನ್ನು ದುಂಡಗೆ ಮಾಡಿ. ಚಾಸಿಯ ಮೇಲಿನ, ಕೆಳಗಿನ ಅಂಚಿಗೆ ಅಡ್ಡಲಾಗಿ ನೇರ ವೆಲ್ಡಿಂಗ್ ಗೆರೆ ಬರಬಾರದು; ಬಿರುಕು ಆ ಗೆರೆಯಲ್ಲೇ ಹೊರಡುತ್ತದೆ. ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ಎರಡೂ ತಂತಿ ಬಿಚ್ಚಿ, ಆಲ್ಟರ್ನೇಟರಿನ ತಂತಿ ಬೇರ್ಪಡಿಸಿ, ಅರ್ತ್ ಕ್ಲಾಂಪನ್ನು ವೆಲ್ಡಿಂಗ್ ಜಾಗದ ಪಕ್ಕದಲ್ಲೇ ಹಾಕಿಸಿ. ಡೀಸೆಲ್ ಟ್ಯಾಂಕ್, ಬ್ರೇಕ್ ಪೈಪ್ ಎಲ್ಲಿವೆ ಎಂದು ವೆಲ್ಡರಿಗೆ ತೋರಿಸಿಯೇ ಕೆಲಸ ಶುರುವಾಗಲಿ.

ಅಳತೆ

ಹಳೆ ಗಾಡಿಗಳಲ್ಲಿ ಮೂಲ ಸ್ಪ್ರಿಂಗ್ ಉಳಿದಿರುವುದು ಅಪರೂಪ. ಅಡಿಕೆ, ರಬ್ಬರ್ ಶೀಟು, ಕಲ್ಲು ಹೇರುವುದಕ್ಕೆಂದು ಒಂದೆರಡು ಲೀಫ್ ಹೆಚ್ಚು ಹಾಕಿಸಿರುತ್ತಾರೆ, ಗಾಡಿ ಹಿಂದೆ ಎತ್ತರವಾಗಿರುತ್ತದೆ. ಅದಕ್ಕೆ ಪುಸ್ತಕದ ಪ್ರಕಾರ ಶಾಕ್ ತಂದರೆ ಗಾಡಿ ನಿಂತಲ್ಲೇ ಅದು ಮುಕ್ಕಾಲು ಚಾಚಿರುತ್ತದೆ. ಚಕ್ರ ಹೊಂಡಕ್ಕೆ ಇಳಿದಾಗ ಪೂರ್ತಿ ಎಳೆದು ಪಿನ್ನನ್ನು ಕೀಳುತ್ತದೆ. ಬ್ರಾಕೆಟ್ ಮುರಿದ ಗಾಡಿಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

ಆದ್ದರಿಂದ ಮೇಲಿನ ಪಿನ್ನಿನ ನಡುವಿನಿಂದ ಕೆಳಗಿನ ಪಿನ್ನಿನ ನಡುವಿಗೆ ಮೂರು ಸ್ಥಿತಿಯಲ್ಲಿ ಅಳೆಯಿರಿ. ಖಾಲಿ ಗಾಡಿ ನಿಂತಾಗ ಒಂದು. ಚಾಸಿಯನ್ನು ಎತ್ತಿ ಚಕ್ರ ಜೋತಾಡುವಾಗ ಒಂದು. ಇದನ್ನು ಶಾಕ್ ಬಿಚ್ಚಿಯೇ ಅಳೆಯಬೇಕು, ಬ್ರೇಕ್ ಹೋಸ್ ಎಳೆಯದಂತೆ ಕಣ್ಣಿಡಿ. ಮೂರನೆಯದು ಬಂಪ್ ಸ್ಟಾಪ್ ಹೌಸಿಂಗಿಗೆ ತಾಗುವಾಗ. ಅಷ್ಟು ಭಾರ ಹೇರಬೇಕಿಲ್ಲ. ನಿಂತ ಗಾಡಿಯಲ್ಲಿ ಬಂಪ್ ರಬ್ಬರಿಗೂ ಹೌಸಿಂಗಿಗೂ ನಡುವಿನ ಅಂತರವನ್ನು ಮೊದಲ ಅಳತೆಯಿಂದ ಕಳೆದರೆ ಸುಮಾರಾಗಿ ಸಿಗುತ್ತದೆ. ಶಾಕ್ ಓರೆಯಾಗಿ ನಿಂತಿದ್ದರೆ ನಿಜವಾದ ಕುಗ್ಗುವಿಕೆ ಇದಕ್ಕಿಂತ ಸ್ವಲ್ಪ ಕಡಿಮೆಯೇ ಇರುವುದರಿಂದ ಲೆಕ್ಕ ಅಪಾಯದ ಕಡೆಗೆ ತಪ್ಪುವುದಿಲ್ಲ.

ಉದಾಹರಣೆಗೆ, ಜೋತಾಡುವಾಗ 490 ಮಿಮೀ, ಬಂಪಿನಲ್ಲಿ 335 ಮಿಮೀ ಬಂತು ಎಂದುಕೊಳ್ಳಿ. ಹೊಸ ಶಾಕ್ ಪೂರ್ತಿ ಮುಚ್ಚಿದಾಗ 315 ಮಿಮೀಗಿಂತ ಹೆಚ್ಚಿರಬಾರದು, ಪೂರ್ತಿ ಚಾಚಿದಾಗ 500 ಮಿಮೀಗಿಂತ ಕಡಿಮೆ ಇರಬಾರದು. ಬಂಪ್ ರಬ್ಬರ್ ಒತ್ತಿಕೊಳ್ಳುವುದಕ್ಕೆ ಆ 20 ಮಿಮೀ ಬೇಕು. ಅಂಗಡಿಯಲ್ಲಿ ಗಾಡಿಯ ಹೆಸರು ಹೇಳುವ ಬದಲು ಈ ಎರಡು ಅಂಕಿ, ಕಣ್ಣಿನ ಒಳವ್ಯಾಸ, ಕಣ್ಣಿನ ಅಗಲ ಹೇಳಿ. ಮೇಲ್ತುದಿ ಕಣ್ಣೋ ಥ್ರೆಡ್ ಇರುವ ಕಡ್ಡಿಯೋ ಎಂದೂ ಹೇಳಿ. ಚೀಲದಲ್ಲಿ ಹಳೆಯದನ್ನೇ ಒಯ್ಯುವುದು ಇನ್ನೂ ಒಳ್ಳೆಯದು.

ಶಾಕ್ ಯಾವಾಗಲೂ ಜೋಡಿ. ಜೊತೆಗೆ, ಎರಡೂ ತುದಿಯಲ್ಲಿ ಕಣ್ಣಿರುವ ಬಗೆಗೆ 4 ನಟ್ಟು, 8 ವಾಶರ್, 4 ಸ್ಪ್ಲಿಟ್ ಪಿನ್ ತನ್ನಿ. ಬುಷ್ ಎರಡು ಹೋಳಿನದಾದರೆ 8 ಹೋಳು ಬೇಕು. ಬಿಚ್ಚುವಾಗ ಯಾವುದೂ ಮತ್ತೆ ಬಳಸುವಂತೆ ಉಳಿಯುವುದಿಲ್ಲ.

ಬಿಚ್ಚುವುದು

ಕೆಲಸಕ್ಕೆ ಎರಡು ದಿನ ಮುಂಚೆ ನಟ್ಟುಗಳ ಪಿರಿಯನ್ನು (ಥ್ರೆಡ್ಡನ್ನು) ತಂತಿ ಬ್ರಶ್ಶಿನಿಂದ ಉಜ್ಜಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಲು ಶುರುಮಾಡಿ. ದಿನಕ್ಕೆ ಮೂರು ಸಲ, ಪ್ರತಿಸಲವೂ ನಟ್ಟಿನ ಮೈಗೆ ಸುತ್ತಿಗೆಯಿಂದ ಸಣ್ಣ ಪೆಟ್ಟು. ಪೆಟ್ಟಿಗೆ ತುಕ್ಕು ಬಿರಿದು ಎಣ್ಣೆ ಒಳಗೆ ಇಳಿಯುತ್ತದೆ. ಬ್ರಶ್ ಮಾಡದೆ ಡಬ್ಬಿ ಪೂರ್ತಿ ಹೊಡೆದರೂ ಎಣ್ಣೆ ತುಕ್ಕಿನ ಮೇಲೆ ಹರಿದು ಕೆಳಗೆ ತೊಟ್ಟಿಕ್ಕುತ್ತದೆ, ಅಷ್ಟೆ.

ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ. ಇಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಒಂದು ವಿಷಯವಿದೆ. ಹಳೆ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಚಕ್ರವನ್ನು ಹಿಡಿಯದೆ ಟ್ರಾನ್ಸ್‌ಫರ್ ಕೇಸಿನ (ಫೋರ್ ವೀಲ್ ಗೇರಿನ ಪೆಟ್ಟಿಗೆಯ) ಹಿಂದೆ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುವುದುಂಟು. ಹಿಂದಿನ ಒಂದೇ ಚಕ್ರ ನೆಲ ಬಿಟ್ಟು ಎದ್ದರೆ ಡಿಫರೆನ್ಷಿಯಲ್ ಮೂಲಕ ಆ ಚಕ್ರ ಹಿಮ್ಮುಖ ತಿರುಗಿ, ಹ್ಯಾಂಡ್ ಬ್ರೇಕ್ ಎಳೆದಿದ್ದರೂ, ಗೇರಿನಲ್ಲಿದ್ದರೂ ಗಾಡಿ ಉರುಳುತ್ತದೆ, ಜಾಕಿಯಿಂದ ಬೀಳುತ್ತದೆ. ಆದ್ದರಿಂದ ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಗಟ್ಟಿ ಮರದ ತುಂಡು ಕೊಡಿ, ಫೋರ್ ವೀಲ್ ಹಾಕಿ, ಮುಂದೆ ಲಾಕಿಂಗ್ ಹಬ್ ಇದ್ದರೆ ಲಾಕ್ ಮಾಡಿ. ಮುರಕಲ್ಲನ್ನು ಅಡ್ಡ ಕೊಡುವುದಾಗಲಿ, ಚಾಸಿಯ ಕೆಳಗೆ ಪೇರಿಸುವುದಾಗಲಿ ಬೇಡವೇ ಬೇಡ; ಭಾರ ಒಂದು ಕಡೆಗೆ ಬಿದ್ದರೆ ಅದು ಹೇಳದೆ ಕೇಳದೆ ಪುಡಿಯಾಗುತ್ತದೆ.

ಜೀಪಿನ ಕೆಳಗೆ ಜಾಗ ಸಾಕಷ್ಟಿರುವುದರಿಂದ ಹೆಚ್ಚಿನ ಸಲ ಎತ್ತುವ ಅಗತ್ಯವೇ ಇಲ್ಲ. ಚಕ್ರ ನೆಲದ ಮೇಲಿರುವಾಗ ಶಾಕಿನ ಮೇಲೆ ಭಾರವಿಲ್ಲ, ಬಿಚ್ಚಿದರೆ ಏನೂ ಹಾರುವುದಿಲ್ಲ. ಗ್ಯಾಸ್ ತುಂಬಿದ ಶಾಕ್ ಮಾತ್ರ ತಾನಾಗಿ ಚಾಚುತ್ತದೆ, ಮುಖ ದೂರ ಇರಲಿ. ಎತ್ತಲೇಬೇಕಾದರೆ ಚಾಸಿಗೆ ಸ್ಟ್ಯಾಂಡ್, ಹೌಸಿಂಗಿಗೆ ಜಾಕಿ. ಒಂದು ಬದಿ ಪೂರ್ತಿ ಮುಗಿಸಿಯೇ ಇನ್ನೊಂದು ಬದಿಗೆ ಹೋಗಿ. ಎರಡನ್ನೂ ಬಿಚ್ಚಿ ಹೌಸಿಂಗ್ ಜೋತಾಡಲು ಬಿಟ್ಟರೆ ಬ್ರೇಕ್ ಹೋಸ್ ಎಳೆದು ಹಾಳಾಗುತ್ತದೆ.

ಸ್ಪ್ಯಾನರಿನ ವಿಷಯ. ಹಳೆ ಜೀಪಿನಲ್ಲಿ ಇಂಚಿನ ನಟ್ಟೂ ಮಿಲಿಮೀಟರಿನ ನಟ್ಟೂ ಬೆರೆತಿರುತ್ತವೆ. 3/4 ಇಂಚಿಗೆ 19 ನಂಬರ್ ಸರಿಹೋಗುತ್ತದೆ. ಆದರೆ 11/16 ಇಂಚು ಎಂದರೆ 17.46 ಮಿಮೀ: 17 ಹೋಗುವುದಿಲ್ಲ, 18 ಸಡಿಲ. ಸಡಿಲ ಸ್ಪ್ಯಾನರ್ ಹಾಕಿ ಬಲ ಕೊಟ್ಟರೆ ಮೂಲೆ ಉರುಟಾಗಿ ಕೆಲಸ ಎರಡರಷ್ಟಾಗುತ್ತದೆ. ಆರು ಮೂಲೆಯ ಬಾಕ್ಸ್ ಸ್ಪ್ಯಾನರೇ ಬೇಕು, ಹನ್ನೆರಡು ಮೂಲೆಯದು ಬೇಡ. ಮೊದಲು ಬಿಗಿಮಾಡುವ ದಿಕ್ಕಿಗೆ ಚೂರು ತಿರುಗಿಸಿ ನೋಡಿ. ತುಕ್ಕಿನ ಹಿಡಿತ ಬಿಟ್ಟ ಸದ್ದು ಬಂದ ಮೇಲೆ ಬಿಚ್ಚಿ, ಅರ್ಧ ಸುತ್ತು ಬಿಚ್ಚಿ ಕಾಲು ಸುತ್ತು ಹಿಂದಕ್ಕೆ ಎನ್ನುವಂತೆ ಆಡಿಸುತ್ತ ಬನ್ನಿ. ಒಂದೇ ಸಮನೆ ಎಳೆದರೆ ಪಿರಿ ಸಮೇತ ಪಿನ್ನು ತುಂಡಾಗುತ್ತದೆ.

ಬಾರದಿದ್ದರೆ ಗ್ಯಾಸ್ ಜ್ವಾಲೆ ಹಿಡಿಯುವ ಅಭ್ಯಾಸ ಗ್ಯಾರೇಜುಗಳಲ್ಲಿದೆ. ಶಾಕ್ ಪಿನ್ನಿನ ಮೇಲಿರುವಾಗ ಅದನ್ನು ಮಾಡಬಾರದು. ಮುಚ್ಚಿದ ಕೊಳವೆಯಲ್ಲಿ ಎಣ್ಣೆಯಿದೆ, ಕೆಲವದರಲ್ಲಿ ಒತ್ತಡದ ಗ್ಯಾಸೂ ಇದೆ, ಕಾದರೆ ಸಿಡಿಯುತ್ತದೆ. ಗ್ರೈಂಡರ್ ಹಿಡಿಯಿರಿ. ನಟ್ಟಿನ ಒಂದು ಮುಖವನ್ನು ಪಿನ್ನಿಗೆ ಸಮಾನಾಂತರವಾಗಿ, ಪಿರಿ ಮುಟ್ಟಲು ಕೂದಲೆಳೆ ಉಳಿಯುವಷ್ಟು ಸೀಳಿ, ಆ ಸೀಳಿಗೆ ಉಳಿ ಇಟ್ಟು ಹೊಡೆದರೆ ನಟ್ಟು ಬಾಯಿ ಬಿಡುತ್ತದೆ. ಕನ್ನಡಕ ಹಾಕಿಕೊಳ್ಳಿ, ಪಕ್ಕದಲ್ಲಿ ಒದ್ದೆ ಗೋಣಿ ಮತ್ತು ನೀರು ಇರಲಿ.

ನಟ್ಟು ಬಂದರೂ ಕಣ್ಣು ಬಾರದಿರುವುದು ಇನ್ನೊಂದು ಸಂಕಟ. ಬುಷ್ಷಿನೊಳಗಿನ ಕಬ್ಬಿಣದ ತೋಳು (ಸ್ಲೀವ್) ಪಿನ್ನಿಗೆ ಕಚ್ಚಿಕೊಂಡಿರುತ್ತದೆ. ಪಿನ್ನಿನ ತುದಿಗೆ ಸುತ್ತಿಗೆ ಬೀಸಿದರೆ ಬಗ್ಗುವುದು ಚಾಸಿಯ ಬ್ರಾಕೆಟ್. ರಬ್ಬರನ್ನು ಚೂರಿಯಿಂದ, ಡ್ರಿಲ್ಲಿನಿಂದ ಕೆತ್ತಿ ತೆಗೆದು ಶಾಕನ್ನು ಬೇರೆ ಮಾಡಿ. ಉಳಿದ ತೋಳನ್ನು ಉದ್ದಕ್ಕೆ ಸೀಳಿ ಉಳಿಯಿಂದ ಅಗಲಿಸಿ. ಅಗತ್ಯ ಬಿದ್ದರೆ ಶಾಕಿನ ಕಣ್ಣಿನ ಉಂಗುರವನ್ನು ಕತ್ತರಿಸಬಹುದು. ಕೊಳವೆಯನ್ನು ಕತ್ತರಿಸಬೇಡಿ, ಪಿನ್ನಿಗೆ ಗಾಯ ಮಾಡಬೇಡಿ. ಹಾಳಾಗಬೇಕಾದದ್ದು ಹಳೆ ಶಾಕ್ ಮಾತ್ರ.

ಮೇಲ್ತುದಿ ಥ್ರೆಡ್ ಕಡ್ಡಿಯ ಬಗೆಯಲ್ಲಿ ನಟ್ಟಿನ ಜೊತೆ ರಾಡೂ ತಿರುಗುತ್ತದೆ. ಕಡ್ಡಿಯ ತುದಿಯ ಚಪ್ಪಟೆ ಭಾಗವನ್ನು ಸಣ್ಣ ಸ್ಪ್ಯಾನರಿನಿಂದ ಹಿಡಿಯಿರಿ. ಹಳೆಯದಾದರೆ ಪೈಪ್ ರೆಂಚಿನಿಂದ ರಾಡನ್ನೇ ಹಿಡಿದರೂ ನಷ್ಟವಿಲ್ಲ. ಹೊಸದಕ್ಕೆ ಪಕ್ಕಡ್ ಹಚ್ಚಿದರೆ ಅಲ್ಲಿಂದಲೇ ಸೋರಿಕೆ ಶುರು.

ಪಿನ್ನು ಸ್ವಚ್ಛವಾದ ಮೇಲೆ ವರ್ನಿಯರ್ ಹಿಡಿದು, ಸವೆಯದ ಬುಡದಲ್ಲಿ ಒಮ್ಮೆ, ಬುಷ್ ಕೂರುವ ನಡುವಿನಲ್ಲಿ ಒಮ್ಮೆ ಅಳೆಯಿರಿ. ಅರ್ಧ ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ, ಬಗ್ಗಿದ್ದರೆ ಪಿನ್ನನ್ನೇ ಬದಲಿಸಿ. ಲೇತಿನಲ್ಲಿ ಮಾಡಿಸುವುದಾದರೆ ಇಎನ್ 8 ಉಕ್ಕು ಕೇಳಿ. ಮೆದು ಕಬ್ಬಿಣದ ಸರಳಿನಲ್ಲಿ ಮಾಡಿದ್ದು ಬಾಗುತ್ತದೆ. ಸವೆದ ಪಿನ್ನಿನ ಮೇಲೆ ವೆಲ್ಡಿಂಗ್ ತುಂಬಿ ಅರ ಹಾಕುವುದು ಬೇಡ.

ಕೂರಿಸುವುದು

ಅಂಗಡಿಯಲ್ಲಿ ಮಲಗಿಸಿಟ್ಟ ಎಣ್ಣೆ ಶಾಕಿನ ಒಳಕೊಳವೆಗೆ ಗಾಳಿ ಸೇರಿರುತ್ತದೆ. ಹಾಗೇ ಹಾಕಿದರೆ ಹೊಸದೇ ಟಕ್ ಎನ್ನುತ್ತದೆ, ಬದಲಿಸಿದವರು ಬೇಸರ ಪಡುತ್ತಾರೆ. ರಾಡ್ ಮೇಲೆ ಬರುವಂತೆ ನಿಲ್ಲಿಸಿ ಪೂರ್ತಿ ಚಾಚಿ. ತಲೆಕೆಳಗು ಮಾಡಿ ಪೂರ್ತಿ ಮುಚ್ಚಿ. ಮತ್ತೆ ನೆಟ್ಟಗೆ ಹಿಡಿದು ಚಾಚಿ. ಐದಾರು ಸಲ ಹೀಗೆ ಮಾಡಿದಾಗ ಎಳೆತ ಎಲ್ಲಿಯೂ ಜಾರದೆ ಒಂದೇ ಸಮ ಬರುತ್ತದೆ. ಆಮೇಲೆ ಮಲಗಿಸದೆ ಗಾಡಿಗೆ ಹಾಕಿ. ಎರಡು ಕೊಳವೆಯ ಸಾಮಾನ್ಯ ಶಾಕನ್ನು ತಲೆಕೆಳಗಾಗಿ ಹಾಕಬಾರದು: ಡಸ್ಟ್ ಕವರ್ ಮೇಲೆ, ಎಣ್ಣೆಯ ಕೊಳವೆ ಕೆಳಗೆ.

ಪಿನ್ನಿನ ಪಿರಿಗೆ ತಾಮ್ರದ ಗ್ರೀಸ್ ತೆಳ್ಳಗೆ ಹಚ್ಚಿ, ಮುಂದಿನ ಸಲ ಬಿಚ್ಚುವವರಿಗೆ ಉಪಕಾರವಾಗುತ್ತದೆ. ರಬ್ಬರಿಗೆ ಮಾತ್ರ ಗ್ರೀಸೂ ಬೇಡ, ಎಣ್ಣೆಯೂ ಬೇಡ. ಸಾಬೂನು ನೀರು ಹಚ್ಚಿ ತಳ್ಳಿ. ಬಟ್ಟಲಿನಾಕಾರದ ವಾಶರಿನ ಒಳಬದಿ ರಬ್ಬರಿನ ಕಡೆಗೆ ಇರಲಿ. ಬರೀ ರಬ್ಬರ್ ಹೋಳಿನ ಬುಷ್ಷಾದರೆ ರಬ್ಬರ್ ಉಬ್ಬಿ ವಾಶರಿನ ಅಂಚಿಗೆ ಸಮ ಬರುವಷ್ಟು ಬಿಗಿ ಸಾಕು. ಒಳಗೆ ಕಬ್ಬಿಣದ ತೋಳಿರುವ ಬುಷ್ಷಾದರೆ ನಟ್ಟನ್ನು ಮೊದಲು ಕೈಬಿಗಿ ಮಾಡಿ, ಗಾಡಿಯನ್ನು ಚಕ್ರದ ಮೇಲೆ ಇಳಿಸಿ, ಒಂದೆರಡು ಸಲ ಅಲುಗಿಸಿ, ಆಮೇಲೆ ಗಾಡಿಯ ಕೈಪಿಡಿಯಲ್ಲಿರುವ ಟಾರ್ಕಿಗೆ ಬಿಗಿಮಾಡಿ. ಚಕ್ರ ಜೋತಾಡುವಾಗಲೇ ಬಿಗಿದರೆ ಗಾಡಿ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ, ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಸ್ಪ್ಲಿಟ್ ಪಿನ್ ಹೊಸದನ್ನೇ ಹಾಕಿ.

100 ಕಿಲೋಮೀಟರ್ ಓಡಿದ ಮೇಲೆ ನಾಲ್ಕೂ ನಟ್ಟು, ಜೊತೆಗೆ ಯು ಬೋಲ್ಟುಗಳನ್ನು ಇನ್ನೊಮ್ಮೆ ನೋಡಿ.

ಬದಲಿಸಿದ ಮೇಲೂ ತೊಂದರೆ ಉಳಿದರೆ

ಸದ್ದು ಹಾಗೇ ಇದ್ದರೆ ಶ್ಯಾಕಲ್ ಬುಷ್. ಗಾಡಿ ಮೊದಲಿಗಿಂತ ಬಿರುಸಾಗಿ ಕುಕ್ಕುತ್ತಿದ್ದರೆ ಹೆಚ್ಚಿನ ಸಲ ಕಾರಣ ಲೀಫಿನ ತುಕ್ಕು: ಮೊದಲೇ ಬಿಗಿದ ಸ್ಪ್ರಿಂಗಿಗೆ ಈಗ ಕೆಲಸ ಮಾಡುವ ಶಾಕೂ ಸೇರಿದೆ. ಲೀಫುಗಳನ್ನು ಬಿಚ್ಚಿ ಉಜ್ಜಿ, ಗ್ರಾಫೈಟ್ ಗ್ರೀಸ್ ಹಾಕಿ ಕೂರಿಸಿದರೆ ಸರಿಹೋಗುತ್ತದೆ. ಶಾಕಿನ ಮೈಯಲ್ಲಿ ಹೊಸ ತರಚು ಗುರುತು ಕಂಡರೆ ಅದು ಸೈಲೆನ್ಸರಿಗೋ ಸ್ಪ್ರಿಂಗಿಗೋ ತಾಗುತ್ತಿದೆ. ಪಿನ್ನು ಬಗ್ಗಿದ್ದನ್ನು ಗಮನಿಸದೆ ಬಿಟ್ಟಾಗ ಹೀಗಾಗುತ್ತದೆ.

ಮಳೆಗೆ ಮುಂಚೆ ಅಡಿಭಾಗಕ್ಕೆ ಕರಿ ಆಯಿಲ್ (ಬಳಸಿ ತೆಗೆದ ಇಂಜಿನ್ ಎಣ್ಣೆ) ಬಳಿಯುವ ರೂಢಿ ಇಲ್ಲಿ ಬಹಳ ಇದೆ. ಕಬ್ಬಿಣಕ್ಕೆ ಅದು ಸ್ವಲ್ಪ ಕಾಲ ಹೊದಿಕೆ ಕೊಡುತ್ತದೆ, ಆದರೆ ರಬ್ಬರ್ ಅದನ್ನು ಹೀರಿ ಉಬ್ಬಿ ಮೆತ್ತಗಾಗುತ್ತದೆ, ಧೂಳು ಅಂಟಿ ಅರೆಯುವ ಹಿಟ್ಟಾಗುತ್ತದೆ. ಶಾಕಿನ ಬುಷ್, ರಾಡ್, ಬ್ರೇಕ್ ಹೋಸಿನ ಹತ್ತಿರ ಅದನ್ನು ಒಯ್ಯಬೇಡಿ; ಬ್ರಾಕೆಟಿಗೂ ಚಾಸಿಗೂ ತುಕ್ಕು ಕೆರೆದು ಪ್ರೈಮರ್, ಮೇಲೆ ಬಣ್ಣ ಹೊಡೆಯಿರಿ. ಬಣ್ಣ ಪೂರ್ತಿ ಒಣಗಲು ಬಿಸಿಲು ಬೇಕಾದ್ದರಿಂದ ಪತ್ತನಾಜೆಗೆ (ತುಳುನಾಡಿನಲ್ಲಿ ಮಳೆಗಾಲದ ಹೊಸ್ತಿಲೆನ್ನುವ ದಿನ, ಮೇ 24ರ ಸುಮಾರಿಗೆ) ಮುಂಚೆಯೇ ಮುಗಿಸಿ. ಕಡಲ ಬದಿಯ ಗಾಡಿಗಾದರೆ ಅಡಿಭಾಗಕ್ಕೆ ವಾರಕ್ಕೊಮ್ಮೆ ಸಿಹಿನೀರು ಬಿಡಿ, ಡಸ್ಟ್ ಕವರಿನ ಒಳಗೂ ಕೆಳಗಿನಿಂದ ಮೆಲ್ಲಗೆ ನೀರು ಹೋಗಲಿ. ಪ್ರೆಶರ್ ಪಂಪಿನ ಮೂತಿಯನ್ನು ಸೀಲಿಗೆ ಹತ್ತಿರ ಹಿಡಿದರೆ ಕೆಸರು ಸೀಲಿನೊಳಗೇ ಹೋಗುತ್ತದೆ.